ಅಕ್ಕನಿಗೆ ಕಳಿಸಿದ ಭತ್ತ

ಅಮ್ಮ ತನ್ನ ಕೊನೆಯ ತೆನೆ ಹಬ್ಬದಲ್ಲಿ, ಅಕ್ಕನಿಗೆ ಕಳಿಸು ಎಂದು ಆರಿಸಿ ಕೊಟ್ಟ ಕಾಳುಗಳನ್ನು ನಾನು ಕಳಿಸಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕಳಿಸಿಲ್ಲ ಎಂದು ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ಅಕ್ಕನ ಒಂದು ಕ್ರಿಸ್ಮಸ್ ಉಳಿಯುತ್ತಿತ್ತು. ಅವಳು ಅಷ್ಟು ದೂರದಲ್ಲಿ ಕಟ್ಟಿಕೊಂಡಿದ್ದ ಬದುಕೂ ಉಳಿಯುತ್ತಿತ್ತೋ ಏನೋ. ನಾನು ಓದಿದ್ದು ಏಳನೇ ಕ್ಲಾಸು, ಬರೆದು ರೂಢಿಯಿಲ್ಲ. ಆದರೆ ಬಾಯಲ್ಲಿ ಹೇಳಲು ಹೊರಟರೆ ನನ್ನ ಕಡೆಗೇ ವಾಲಿಸಿಕೊಂಡು ಹೇಳುತ್ತೇನೆ, ಅದು ನನಗೆ ಗೊತ್ತು. ಬರೆದರೆ ಇನ್ನೊಂದು ಸಲ ಓದಿ, ವಾಲಿದ್ದನ್ನು ಹೊಡೆದು ಹಾಕಬಹುದು.

ನಾವು ಕ್ರೈಸ್ತರು. ನಮ್ಮಜ್ಜ ಕೆಂಪುಕಲ್ಲು ಕಡಿಯುವ ಕೆಲಸಕ್ಕೆ ಘಟ್ಟ ಹತ್ತಿ ಬಂದವನು. ಮನೆ ಹೊಸನಗರದಲ್ಲಿ, ಪೇಟೆ ಮುಗಿಯುವ ಕಡೆ. ಮನೆಯೊಳಗೆ ಕೊಂಕಣಿ, ಹೊಸಿಲು ದಾಟಿದರೆ ಕನ್ನಡ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಸೆಪ್ಟೆಂಬರಿನಲ್ಲಿ ಮರಿಯಮ್ಮನವರ ಹುಟ್ಟುಹಬ್ಬ ಬರುತ್ತದೆ. ನಮಗೆ ಅದೇ ತೆನೆ ಹಬ್ಬ, ಹೊಸಕ್ಕಿಯ ಊಟ. ಆಗ ನಮ್ಮ ಕಡೆಯ ಗದ್ದೆಗಳಲ್ಲಿ ಇನ್ನೂ ಬರೀ ಹಸಿರು, ತೆನೆ ಕಟ್ಟಿರುವುದಿಲ್ಲ. ಹಾಗಾಗಿ ಚರ್ಚಿನವರು ಘಟ್ಟದ ಕೆಳಗಿನಿಂದ ತೆನೆ ತರಿಸುತ್ತಾರೆ. ಫಾದರ್ ಅದನ್ನು ಆಶೀರ್ವದಿಸಿ ಮನೆಗೊಂದರಂತೆ ಕೊಡುತ್ತಾರೆ. ಮನೆಯ ಹಿರಿಯರು ಕಾಳು ಬಿಡಿಸಿ, ಸಿಪ್ಪೆ ಸುಲಿದು, ಕಾಯಿಹಾಲಿಗೆ ಹಾಕಿ ಮೊದಲು ತಾವು ಕುಡಿದು, ಆಮೇಲೆ ವಯಸ್ಸಿನ ಪ್ರಕಾರ ಎಲ್ಲರಿಗೂ ಕೊಡಬೇಕು. ಊರಲ್ಲಿ ಇಲ್ಲದವರಿಗೆ ಒಂದಷ್ಟು ಕಾಳನ್ನು ಸಿಪ್ಪೆ ಸಮೇತ ಕಾಗದದಲ್ಲಿ ಮಡಚಿ ಅಂಚೆಗೆ ಹಾಕುತ್ತೇವೆ. ಮುಂಬೈಯಲ್ಲಿರಲಿ, ದುಬೈಯಲ್ಲಿರಲಿ, ಆ ಕಾಳು ಬಾಯಿಗೆ ಬಿದ್ದರೆ ಆ ವರ್ಷ ಅವನು ಮನೆಯವನು. ಕಾಳು ಬರಲಿಲ್ಲ ಎಂದರೆ ಮನೆಯವರು ಅವನನ್ನು ಬಿಟ್ಟರು ಎಂದೇ ಅರ್ಥ.

ನನಗಿರುವುದು ಒಬ್ಬಳೇ ಅಕ್ಕ. ಅಪ್ಪ ತೀರಿಕೊಂಡ ವರ್ಷ ಸಾಗರದ ಸಿಸ್ಟರುಗಳು ಅವಳನ್ನು ತಮ್ಮ ಹಾಸ್ಟೆಲ್ಲಿಗೆ ಕರೆದುಕೊಂಡರು. ಅದೇ ವರ್ಷ ಅಮ್ಮ ನನ್ನನ್ನು ಶಾಲೆ ಬಿಡಿಸಿ ಅಕ್ಕಿ ಮಿಲ್ಲಿಗೆ ಸೇರಿಸಿದಳು. ಅವಳು ಓದಿದಳು, ತಾನೂ ಸಿಸ್ಟರ್ ಆದಳು, ಟಾಂಜಾನಿಯಾಕ್ಕೆ ಹೋದಳು. ಅಲ್ಲಿ ಒಂದು ಹಳ್ಳಿಯ ಶಾಲೆ ಮತ್ತು ದಿಕ್ಕಿಲ್ಲದ ಮಕ್ಕಳ ಹಾಸ್ಟೆಲ್ಲು ಅವಳ ಪಾಲಿಗೆ ಬಂತು. ನಾನು ಇವತ್ತಿಗೂ ಅದೇ ಮಿಲ್ಲಿನಲ್ಲಿದ್ದೇನೆ. ಮದುವೆಯಾಗಲಿಲ್ಲ. ಅಂಗಳದಲ್ಲಿ ಭತ್ತ ಒಣಗಿಸುವ ಹೆಂಗಸರು ತಮಾಷೆ ಮಾಡುತ್ತಿದ್ದರು: "ನಿಮ್ಮಕ್ಕ ಅಷ್ಟು ದೂರ ಹೋಗಿ ಸಿಸ್ಟರ್ ಆದ್ರು. ನೀ ಕೂತಲ್ಲೇ ಬ್ರದರ್ ಆದ್ಯಲ್ಲ ಮಾರಾಯ, ಖರ್ಚೇ ಇಲ್ಲ." ನಾನೂ ಅವರ ಜೊತೆ ನಗುತ್ತಿದ್ದೆ. ಚರ್ಚಿನಲ್ಲಿ ನನಗೆ ಹೆಸರೇ ಇರಲಿಲ್ಲ, ನಾನು 'ಆಫ್ರಿಕಾ ಸಿಸ್ಟರ್ ತಮ್ಮ'. ಅದಕ್ಕೂ ನಗುತ್ತಿದ್ದೆ.

ಅಮ್ಮನಿಗೆ ಸ್ಟ್ರೋಕ್ ಆಗಿ ಎಡಗಡೆ ಬಿದ್ದುಹೋಯಿತು. ಅವಳನ್ನು ಎತ್ತುವುದು, ತೊಳೆಯುವುದು, ಗಂಜಿ ಕುಡಿಸುವುದು ಎಲ್ಲ ನಾನೇ. ಗಂಡಸು ಮಾಡುವ ಕೆಲಸವಲ್ಲ ಎಂದು ಅಮ್ಮ ಅಳುತ್ತಿದ್ದಳು. ಮೊದಮೊದಲು ಸಮಾಧಾನ ಹೇಳುತ್ತಿದ್ದೆ, ಆಮೇಲೆ ಹೇಳುವುದನ್ನು ಬಿಟ್ಟೆ.

ಆ ಮಳೆಗಾಲದಲ್ಲಿ ಅಕ್ಕ ರಜೆಗೆ ಬಂದಳು. ಮಿಷನ್ನಿಗೆ ಹೋದವರಿಗೆ ಕೆಲವು ವರ್ಷಕ್ಕೊಮ್ಮೆ ಊರಿಗೆ ಬರಲು ಸಿಗುವ ರಜೆ ಅದು. ಆದರೆ ಆ ರಜೆಯಲ್ಲಿ ಅವರು ಮನೆಯವರಲ್ಲ, ಎಲ್ಲರವರು. ಒಂದು ಭಾನುವಾರ ಸಾಗರದಲ್ಲಿ ಅವಳ ಮಾತು, ಇನ್ನೊಂದು ಭಾನುವಾರ ತೀರ್ಥಹಳ್ಳಿಯಲ್ಲಿ. ಎಲ್ಲ ಕಡೆ ಶಾಲು, ಹಾರ, ಫೋಟೋ. ಮನೆಗೆ ಬಂದಾಗ ಅಮ್ಮನ ಪಕ್ಕ ಕೂತು ಜಪಮಾಲೆ ಹೇಳುತ್ತಿದ್ದಳು. ಬೆಳಗ್ಗೆ ನಾನು ಏಳುವ ಮುಂಚೆ ಎಷ್ಟೋ ಸಲ ಅಮ್ಮನ ಮೈ ಒರೆಸಿ ಬಟ್ಟೆ ಬದಲಿಸಿಟ್ಟಿರುತ್ತಿದ್ದಳು. ಇದನ್ನು ಬರೆಯದೆ ಬಿಟ್ಟರೆ ಮೋಸವಾಗುತ್ತದೆ, ಅದಕ್ಕೆ ಬರೆದೆ. ಆದರೆ ನನಗೆ ನೆನಪಿನಲ್ಲಿ ಉಳಿದದ್ದು ಇನ್ನೊಂದು ಬೆಳಗ್ಗೆ. ಅಮ್ಮ ಹಾಸಿಗೆಯಲ್ಲೇ ಎಲ್ಲ ಮಾಡಿಕೊಂಡಿದ್ದಳು. ತೀರ್ಥಹಳ್ಳಿಗೆ ಕರೆದೊಯ್ಯುವ ಜೀಪು ಹೊರಗೆ ಹಾರನ್ ಹೊಡೆಯುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು, ಸಂಜೆ ಬಂದು ಮಾಡುತ್ತೇನೆ, ಅಲ್ಲಿವರೆಗೆ ನಿಮ್ಮಿಬ್ಬರಿಗೂ ಪ್ರಾರ್ಥನೆ ಮಾಡುತ್ತೇನೆ ಎಂದಳು.

"ಪ್ರಾರ್ಥನೆ ಮಾಡಿದ್ರೆ ಬೆಡ್‌ಪ್ಯಾನ್ ತೊಳ್ದು ಹೋಗತ್ತಾ?" ಎಂದೆ.

ಅವಳು ಹೋಗಿ ಜೀಪು ಹತ್ತಿದಳು.

ರಜೆ ಮುಗಿದು ಹೊರಡುವ ದಿನ ಅಮ್ಮ, ಇನ್ನೊಂದು ವರ್ಷ ಇದ್ದು ಹೋಗು ಎಂದು ಕೇಳಿದಳು. ಆಗುವುದಿಲ್ಲ, ಅಲ್ಲಿ ಮಕ್ಕಳಿದ್ದಾರೆ ಎಂದಳು ಅಕ್ಕ. ನಮ್ಮಲ್ಲಿ ದೂರ ಹೋಗುವವರು ಹಿರಿಯರ ಮುಂದೆ ಮೊಣಕಾಲೂರಿ ಆಶೀರ್ವಾದ ಕೇಳುತ್ತಾರೆ. ಹಿರಿಯರು ತಲೆಯ ಮೇಲೆ ಕೈ ಇಡುತ್ತಾರೆ. ಅಕ್ಕ ಮಂಚದ ಪಕ್ಕ ಮೊಣಕಾಲೂರಿದಳು. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಬಲಗೈ ಸರಿಯಾಗೇ ಇತ್ತು, ಎತ್ತಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಹಾಗೇ ಇದ್ದು, ತನ್ನಷ್ಟಕ್ಕೆ ಶಿಲುಬೆಯ ಗುರುತು ಹಾಕಿಕೊಂಡು ಎದ್ದು ಹೋದಳು. ನಾನು ಬ್ಯಾಗು ಹಿಡಿದುಕೊಂಡು ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಿತವಾಗಿತ್ತು.

ಅದಾಗಿ ಕೆಲವು ವಾರಗಳಿಗೆ ತೆನೆ ಹಬ್ಬ ಬಂತು. ಚರ್ಚಿನಿಂದ ತೆನೆ ತಂದುಕೊಟ್ಟಾಗ ಅಮ್ಮ ತನ್ನನ್ನು ದಿಂಬಿಗೆ ಒರಗಿಸಲು ನನಗೆ ಹೇಳಿ, ಎದೆಯ ಮೇಲೆ ತಟ್ಟೆ ಇಟ್ಟುಕೊಂಡು ಒಂದೇ ಕೈಯಲ್ಲಿ ಕಾಳು ಬಿಡಿಸಿದಳು. ನಮ್ಮಿಬ್ಬರ ಹಾಲಿಗೆ ಎರಡು ಮೂರು ಕಾಳು ಹಾಕಿದಳು. ಉಳಿದವನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಾದವನ್ನು ಮಾತ್ರ ಬೇರೆ ಇಟ್ಟಳು. ಅಷ್ಟು ಮಾಡಲು ಅವಳಿಗೆ ಮಧ್ಯಾಹ್ನವೆಲ್ಲ ಬೇಕಾಯಿತು. ಕ್ಯಾಲೆಂಡರಿನ ಹಾಳೆಯಲ್ಲಿ ಮಡಚಿ ನನ್ನ ಕೈಗೆ ಕೊಟ್ಟು ಹೇಳಿದಳು:

"ಜಳ್ಳು ಒಂದೂ ಇಲ್ಲ ಇದ್ರಲ್ಲಿ. ನಾಳೇನೇ ಹಾಕು. ಅವತ್ತು ಕೈ ಇಡ್ದೆ ಕಳಿಸ್ಬಿಟ್ಟೆ ಅವಳ್ನ. ಇದು ತಿಂದ್ರೆ ಅವಳಿಗೆ ಗೊತ್ತಾಗತ್ತೆ."

ನಾನು ಆ ಪೊಟ್ಟಣವನ್ನು ಭಾನುವಾರದ ಬಿಳಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಪೋಸ್ಟಾಫೀಸು ಮಿಲ್ಲಿಗೆ ಹೋಗುವ ದಾರಿಯಲ್ಲೇ ಇದೆ. ಅದರ ಮುಂದೆ ದಿನವೂ ಹೋದೆ, ದಿನವೂ ಬಂದೆ. ಮರೆತೆ ಎಂದು ಹೇಳಬಹುದಿತ್ತು, ಆದರೆ ಮರೆತಿರಲಿಲ್ಲ. ಆ ಮಧ್ಯಾಹ್ನ ಅಮ್ಮ ಕಾಳು ಒತ್ತಿ ಒತ್ತಿ ಆರಿಸುವುದನ್ನು ನೋಡಿದಾಗ ನನ್ನೊಳಗೆ ಏನೋ ಹುಳಿಯಾಗಿತ್ತು. ಬಿಟ್ಟು ಹೋದವಳಿಗೆ ಆರಿಸಿದ ಕಾಳು. ಬಿಟ್ಟು ಹೋಗದವನ ಜೊತೆ ಅಮ್ಮ ಸಿಟ್ಟು ಮಾಡಿಕೊಳ್ಳುವಂಥದ್ದೇ ಏನೂ ಆಗಿರಲಿಲ್ಲ, ಹಾಗಾಗಿ ಅವನಿಗೆ ಆರಿಸಿ ಕೊಡುವುದೂ ಇರಲಿಲ್ಲ. ಅಮ್ಮ ಹಾಕಿದ್ಯಾ ಎಂದು ಕೇಳಿದಾಗ ಹಾಕಿದೆ ಎಂದೆ. ಅದೇ ರಾತ್ರಿ ಅಕ್ಕ ಫೋನು ಮಾಡಿದಾಗ ಅಮ್ಮ ತೊದಲುತ್ತಾ, ತೆನೆ ಕಳಿಸಿದೀನಿ, ಬರತ್ತೆ ಎಂದಳು. ಸ್ಪೀಕರ್ ಹಾಕಿ ಫೋನು ಹಿಡಿದಿದ್ದವನು ನಾನೇ.

ಅಮ್ಮ ಎರಡನೇ ಸಲದ ಸ್ಟ್ರೋಕಿನಲ್ಲಿ ಹೋದಳು. ಮಳೆ ಹಿಡಿದು ಕೂತಿತ್ತು. ಮಣ್ಣಿಗೆ ಕೊಂಡೊಯ್ಯುವ ಮುಂಚೆ ಬಿಳಿ ಅಂಗಿ ಹಾಕಿಕೊಳ್ಳಲು ಕೋಣೆಗೆ ಹೋದೆ. ಹಿಂದಿನ ಭಾನುವಾರ ಪೂಜೆಯಿಂದ ನೆನೆದು ಬಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಅಂಗಿ ಒಣಗಿರಲೇ ಇಲ್ಲ. ಜೇಬಿಗೆ ಕೈ ಹಾಕಿದರೆ ಬೆರಳಿಗೆ ಏನೋ ತಣ್ಣಗೆ ತಾಗಿತು. ಕಾಗದ ಹರಿದು ಕಾಳುಗಳು ಮೊಳಕೆ ಒಡೆದಿದ್ದವು. ಎಲ್ಲವೂ. ಬಿಳಿ ಬೇರು, ತುದಿಯಲ್ಲಿ ಸೂಜಿಯಷ್ಟು ಹಸಿರು. ಅಮ್ಮ ಹೇಳಿದ್ದು ಸರಿ, ಅದರಲ್ಲಿ ಒಂದೂ ಜಳ್ಳಿರಲಿಲ್ಲ. ಹೊರಗೆ ಫಾದರ್ ಪ್ರಾರ್ಥನೆ ಶುರು ಮಾಡಿದ್ದರು. ನಾನು ಹಿತ್ತಿಲ ಬಾಗಿಲಿಂದ ಅದನ್ನು ಚರಂಡಿಗೆ ಎಸೆದು, ಕೈ ತೊಳೆದು, ಅದೇ ಒದ್ದೆ ಅಂಗಿ ಹಾಕಿಕೊಂಡು ಬಂದು ಹೆಣಕ್ಕೆ ಹೆಗಲು ಕೊಟ್ಟೆ.

ಅಕ್ಕನಿಗೆ ಬರಲು ಆಗಲಿಲ್ಲ. ಯಾರೋ ಫೋನು ಹಿಡಿದು ತೋರಿಸಿದ್ದರಲ್ಲಿ ಅವಳು ಮಣ್ಣು ಮಾಡುವುದನ್ನು ನೋಡಿದಳು. ಒಂದು ವಾರ ಬಿಟ್ಟು ಫೋನು ಮಾಡಿ, ಬೇರೆ ಏನನ್ನೂ ಕೇಳಲಿಲ್ಲ. "ತೆನೆ ಬಂದಿಲ್ಲ ಕಣೋ ಇನ್ನೂ. ಅಮ್ಮ ಕಳಿಸಿದೀನಿ ಅಂದಿದ್ಲು. ಕಳಿಸಿದ್ದು ಹೌದಲ್ವಾ?"

ಹೌದು, ದಾರಿಯಲ್ಲಿರಬೇಕು ಎಂದೆ.

ಮರುದಿನ ಮಿಲ್ಲಿನಲ್ಲಿ ಬಿಸಿಲು ಬಿದ್ದಿತ್ತು. ಅಂಗಳದ ತುಂಬ ಭತ್ತ ಹರಡಿದ್ದರು. ಊಟದ ಹೊತ್ತಿಗೆ ಹೆಂಗಸರು ನೆರಳಿಗೆ ಹೋದಾಗ ಬಗ್ಗಿ ಒಂದು ಚಿಟಿಕೆ ಎತ್ತಿಕೊಂಡೆ. ಕ್ಯಾಲೆಂಡರಿನ ಹಾಳೆಯಲ್ಲೇ ಮಡಚಿದೆ, ಅಮ್ಮ ಮಡಚುವ ಹಾಗೇ. ಲಕೋಟೆಗೆ ಹಾಕಿ ಅವತ್ತೇ ಅಂಚೆಗೆ ಕೊಟ್ಟೆ. ಭತ್ತ ಭತ್ತವೇ ಅಲ್ಲವೇ, ಅವಳಿಗೆ ಸಮಾಧಾನವಾದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಚೆನ್ನಾಗಿ ಊಟ ಮಾಡಿದೆ.

ಲಕೋಟೆ ಅವಳಿಗೆ ಮುಟ್ಟಿದ್ದು ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಶುರುವಾಗುವ ಹೊತ್ತಿಗೆ. ಆ ದಿನಗಳಲ್ಲಿ ಪ್ರತಿ ಭಾನುವಾರ ಚರ್ಚಿನಲ್ಲಿ ಒಂದೊಂದು ಮೇಣದಬತ್ತಿ ಹೆಚ್ಚಿಗೆ ಹಚ್ಚುತ್ತಾರೆ. ಅಕ್ಕನೂ ಪ್ರತಿ ಭಾನುವಾರ ನನಗೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದಳು. ನಾನು ಮಿಲ್ಲಿನ ಹಿಂದುಗಡೆ ಉಮಿಯ ರಾಶಿಯ ಹತ್ತಿರ ಕೂತು ಕೇಳುತ್ತಿದ್ದೆ, ಅಲ್ಲಿ ಸದ್ದು ಕಡಿಮೆ.

ಮೊದಲನೆಯದರಲ್ಲಿ ಅವಳ ದನಿ ಚಿಕ್ಕಂದಿನ ಹಾಗಿತ್ತು. ಅಲ್ಲಿ ಶಾಲೆಗೆ ರಜೆ. ಜೊತೆಯ ಸಿಸ್ಟರುಗಳು ತಮ್ಮ ತಮ್ಮ ಊರಿಗೆ ಹೋಗಿದ್ದಾರೆ. ಹಾಸ್ಟೆಲ್ಲಿನಲ್ಲಿ ಉಳಿದದ್ದು ಹೋಗಲು ಮನೆಯಿಲ್ಲದ ಮಕ್ಕಳು ಮತ್ತು ಅವಳು. ಅಲ್ಲಿ ಕ್ರಿಸ್ಮಸ್ ಎಂದರೆ ಸೆಕೆ, ಜೋಳದ ಹೊಲ, ಮಾವಿನಹಣ್ಣಿನ ಕಾಲ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿಯನ್ನು ಮಾವಿನ ಮರದ ಕೆಳಗೇ ಕಟ್ಟುತ್ತಾರಂತೆ. ತೆನೆಯ ಕಾಳು ಸ್ವಲ್ಪ ಮಾಸಲಾಗಿದೆ, ದಾರಿಯಲ್ಲಿ ಬಿಸಿಲು ತಾಗಿರಬೇಕು ಎಂದಳು. ಅದರಲ್ಲಿ ಅರ್ಧ ಕ್ರಿಸ್ಮಸ್ ರಾತ್ರಿ ಹಾಲಿಗೆ ಹಾಕಲು ಇಟ್ಟಿದ್ದಾಳೆ. ಇನ್ನರ್ಧವನ್ನು ಒಂದು ತಟ್ಟೆಗೆ ಮಣ್ಣು ತುಂಬಿ ಬಿತ್ತಿದ್ದಾಳೆ. ನಮ್ಮಮ್ಮ ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ತಟ್ಟೆಯಲ್ಲಿ ರಾಗಿ ಬಿತ್ತುತ್ತಿದ್ದಳು. ಮೊಳಕೆ ಬಂದಾಗ ಅದೇ ಗೋದಲಿಯ ಹುಲ್ಲುಗಾವಲು. ಅಕ್ಕ ಬಿತ್ತಿದ್ದೂ ಹಾಗೇ.

"ಅಮ್ಮ ಅವತ್ತು ಕೈ ಇಡ್ಲಿಲ್ಲ ಅಂತ ನಂಗೆ ಎಷ್ಟು ದಿನ ನಿದ್ದೆ ಇರ್ಲಿಲ್ಲ ಗೊತ್ತಾ. ಈಗ ಇದು ಬಂತು. ಇದು ಹಸಿರಾದ ದಿನ ನಾನು ಹೊಸಬಳಾದೆ ಅಂತ ತಿಳ್ಕೊಳ್ತೀನಿ."

ಅದನ್ನು ಕೇಳಿ ನಾನು ಉಮಿಯ ರಾಶಿಯನ್ನೇ ನೋಡುತ್ತಾ ಕೂತೆ. ನಮ್ಮ ಮಿಲ್ಲಿನಲ್ಲಿ ಕುಚ್ಚಲಕ್ಕಿ ಮಾಡುತ್ತೇವೆ. ಅದಕ್ಕೆ ಭತ್ತವನ್ನು ಮೊದಲು ಹಬೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಬೇಕು. ನಾನು ಎತ್ತಿಕೊಂಡದ್ದು ಬೇಯಿಸಿ ಹರಡಿದ್ದ ಭತ್ತ. ನೋಡಲು ಭತ್ತವೇ, ಸಿಪ್ಪೆ ಇರುತ್ತದೆ. ಒಳಗೆ ಜೀವ ಇರುವುದಿಲ್ಲ. ಯಾವ ಮಣ್ಣಿಗೆ ಹಾಕಿದರೂ, ಎಷ್ಟು ನೀರು ಹೊಯ್ದರೂ ಅದು ಮೊಳೆಯುವುದಿಲ್ಲ. ಇಷ್ಟು ವರ್ಷ ಮಿಲ್ಲಿನಲ್ಲಿದ್ದವನಿಗೆ ಬಣ್ಣ ನೋಡಿದರೇ ಗೊತ್ತಾಗುತ್ತದೆ. ಎತ್ತುವಾಗ ಗೊತ್ತೇ ಇತ್ತು, ಆದರೆ ಅವಳು ಬಿತ್ತುತ್ತಾಳೆ ಎಂದು ಯಾರು ಕಂಡಿದ್ದರು? ತಿನ್ನುವ ಕಾಳನ್ನು ಬಿತ್ತಿದವರ ಸುದ್ದಿಯನ್ನೇ ನಾನು ಕೇಳಿರಲಿಲ್ಲ.

ಆಗಲೇ ಹೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು. ನಾನು ಕೈಮುಗಿದ ಚಿತ್ರವೊಂದನ್ನು ಒತ್ತಿ ಕಳಿಸಿದೆ.

ಎರಡನೇ ಭಾನುವಾರ, ಇನ್ನೂ ಏನೂ ಬಂದಿಲ್ಲ, ತಡವಾಗಬಹುದು ಎಂದಳು. ಮಕ್ಕಳು ಬೆಳಗೆದ್ದ ಕೂಡಲೇ ತಟ್ಟೆಯ ಸುತ್ತ ಕೂರುತ್ತಾರೆ. 'ಸಿಸ್ಟರ್, ನಿಮ್ಮಮ್ಮನ ಭತ್ತ ಇನ್ನೂ ಮಲಗಿದೆ' ಎನ್ನುತ್ತಾರೆ. ಅದನ್ನು ಹೇಳಿ ನಕ್ಕಳು. ಮೂರನೇ ಭಾನುವಾರ ನಗಲಿಲ್ಲ. ತಟ್ಟೆಯನ್ನು ಬಿಸಿಲಿಗೆ ಇಟ್ಟು ನೋಡಿದೆ, ನೆರಳಿಗೆ ಇಟ್ಟು ನೋಡಿದೆ. ಪಕ್ಕದಲ್ಲೇ ಮಕ್ಕಳು ಹಾಕಿದ ಜೋಳ ಗೇಣುದ್ದ ಬಂದಿದೆ ಎಂದಳು. ಆಮೇಲೆ ತನ್ನ ವಿಷಯ ಮಾತಾಡಿದಳು. ಬಹಳ ದಿನದಿಂದ ಪ್ರಾರ್ಥನೆ ಬಾಯಲ್ಲಿ ಮಾತ್ರ ಇದೆ. ಜಪಸರ ಎಣಿಸುವ ಬೆರಳಿಗೆ ಅಭ್ಯಾಸವಾಗಿದೆ, ಒಳಗೆ ಏನೂ ಆಡುವುದಿಲ್ಲ. ಜನರ ಮುಂದೆ ಹೊಸ ಹೃದಯದ ವಿಷಯ ಮಾತಾಡಿ ಬಂದು, ಕೋಣೆಯಲ್ಲಿ ಬರೀ ಗೋಡೆ ನೋಡುತ್ತಾ ಕೂರುತ್ತೇನೆ. ಆತ್ಮ ಹೊಸದಾಗುವುದು ಅಂದರೆ ಬಟ್ಟೆ ಬದಲಿಸಿದ ಹಾಗಲ್ಲ, ಸತ್ತದ್ದು ಏಳಬೇಕು. ನನ್ನಲ್ಲಿ ಏಳಲು ಏನೂ ಉಳಿದಿಲ್ಲವೋ ಏನೋ. ಇದನ್ನೆಲ್ಲ ಬೇರೆ ಯಾರಿಗೂ ಹೇಳುವ ಹಾಗಿಲ್ಲ, ನಿನಗೆ ಹೇಳಿದೆ ಎಂದಳು.

ನಾನು ಅದನ್ನು ಎರಡು ಸಲ ಕೇಳಿದೆ. ಮರುಕದಿಂದ ಕೇಳಿದೆ ಎಂದು ಬರೆದರೆ ಹೊಡೆದು ಹಾಕಬೇಕಾಗುತ್ತದೆ. ಅನುಭವಿಸಲಿ ಎಂದುಕೊಂಡೆ. ಇಷ್ಟು ವರ್ಷ ಎಲ್ಲರಿಂದ ಹಾರ ಹಾಕಿಸಿಕೊಂಡವಳು, ಗೋಡೆ ನೋಡುತ್ತಾ ಕೂರುವುದು ಹೇಗಿರುತ್ತದೆ ಎಂದು ಅವಳಿಗೂ ತಿಳಿಯಲಿ. ಮತ್ತೆ ಕೈಮುಗಿದ ಚಿತ್ರ ಕಳಿಸಿದೆ.

ಕ್ರಿಸ್ಮಸ್ ದಿನ ಅವಳು ಒಂದು ಫೋಟೋ ಕಳಿಸಿದಳು. ಮಾವಿನ ಮರದ ಕೆಳಗೆ ಮಣ್ಣಿನ ಬೊಂಬೆಗಳು, ದನ, ಕುರಿ. ಬಾಲಯೇಸುವಿನ ಮುಂದೆ ಬರೀ ಮಣ್ಣಿನ ತಟ್ಟೆ. ಕೆಳಗೆ ಒಂದೇ ಸಾಲು ಬರೆದಿದ್ದಳು: ಅಮ್ಮ ಕ್ಷಮಿಸಿಲ್ಲ ಅಂತ ಕಾಣತ್ತೆ. ಉಳಿಸಿಟ್ಟಿದ್ದ ಕಾಳನ್ನು ಅವಳು ಹಾಲಿಗೂ ಹಾಕಲಿಲ್ಲ ಎಂದು ಆಮೇಲೆ ತಿಳಿಯಿತು. ಅದಾದ ಮೇಲೆ ಭಾನುವಾರದ ಮಾತು ನಿಂತಿತು.

ಮುಂದಿನ ಆಗಸ್ಟಿನಲ್ಲಿ ಅಕ್ಕ ಇದ್ದಕ್ಕಿದ್ದ ಹಾಗೆ ಊರಿಗೆ ಬಂದಳು. ಇದು ರಜೆಯಲ್ಲ ಎಂದಳು, ಅಷ್ಟಕ್ಕೇ ನಿಲ್ಲಿಸಿದಳು. ತೂಕ ಇಳಿದಿದ್ದಳು. ಒಂದು ಭಾನುವಾರ ಸಾಗರದಲ್ಲಿ ಧ್ಯಾನಕೂಟವಿತ್ತು, ಅವಳನ್ನು ಮಾತಾಡಲು ಕರೆದಿದ್ದರು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಆತ್ಮದ ನವೀಕರಣ ಎಂದು ಬ್ಯಾನರ್ ಕಟ್ಟಿದ್ದರು. ಅಕ್ಕ ಅಮ್ಮನ ಭತ್ತದ ಕತೆ ಹೇಳಿದಳು. ಆಶೀರ್ವಾದವಿಲ್ಲದೆ ಹೊರಟದ್ದು, ಅಮ್ಮನ ಕೈಯ ಕೊನೆಯ ಕಾಳು ಬಂದದ್ದು, ಮಕ್ಕಳು ಕಾದದ್ದು, ಬರೀ ಮಣ್ಣು ಉಳಿದದ್ದು. ದೇವರ ಕೆಲಸಕ್ಕೆ ಅಂತ ಓಡುತ್ತಾ ತನ್ನ ಅಮ್ಮನ ಹಾಸಿಗೆಯನ್ನು ದಾಟಿ ಹೋದವಳ ಕೈಯಲ್ಲಿ ಕಾಳು ಮೊಳೆಯುವುದಿಲ್ಲ, ನನ್ನ ಹಾಗೆ ಆಗಬೇಡಿ ಎಂದಳು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೊನೆಗೆ, ಮಿಷನ್ನಿಗೆ ವಾಪಸು ಹೋಗುವುದಿಲ್ಲ ಎಂದು ಮೇಲಿನವರಿಗೆ ತಿಳಿಸಿದ್ದೇನೆ, ಬೇರೆಯವರನ್ನು ಕಳಿಸುತ್ತಾರೆ ಎಂದಳು. ಹೊರಗೆ ಬಂದಾಗ ಒಬ್ಬರು ನನ್ನ ಕೈ ಹಿಡಿದು, ಎಂಥ ಅಕ್ಕ ಮಾರಾಯ್ರೇ ನಿಮಗೆ, ಪುಣ್ಯವಂತರು ನೀವು ಎಂದರು. ನಾನು ಅವರಿಂದ ಕೈ ಬಿಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಅಕ್ಕನ ಜೊತೆ ಒಂದೇ ವಾಹನದಲ್ಲಿ ಕೂರಲು ಆಗಲಿಲ್ಲ.

ತೆನೆ ಹಬ್ಬಕ್ಕೆ ಮುಂಚೆ ಪಾಪನಿವೇದನೆ ಮಾಡುವುದು ರೂಢಿ. ನಮ್ಮ ಚರ್ಚಿನ ಫಾದರ್‌ಗೆ ನನ್ನ ದನಿ ಗೊತ್ತು. ಅದಕ್ಕೆ ತೀರ್ಥಹಳ್ಳಿಗೆ ಹೋದೆ. ಜಾಲರಿಯ ಆಚೆ ವಯಸ್ಸಾದ ಫಾದರ್ ಇದ್ದರು. ಮಿಲ್ಲಿನಿಂದ ಭತ್ತ ತೆಗೆದೆ ಎಂದು ಶುರು ಮಾಡಿದೆ.

"ಎಷ್ಟು ಮೂಟೆ?" ಎಂದು ಕೇಳಿದರು.

"ಒಂದು ಚಿಟಿಕೆ, ಫಾದರ್."

ಇಂಥವನು ಇಷ್ಟಕ್ಕೆ ಹೊಸನಗರದಿಂದ ಬಸ್ಸು ಹತ್ತಿ ಬಂದನೇ ಎಂದು ಅವರಿಗೆ ಅನ್ನಿಸಿರಬೇಕು. ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ, ಅನುಭವಿಸಲಿ ಎಂದುಕೊಂಡದ್ದನ್ನೂ ಹೇಳಿದೆ. ಅವರು ಪಾಪವಿಮೋಚನೆಯ ಮಾತು ಹೇಳಿದರು, ಪ್ರಾಯಶ್ಚಿತ್ತಕ್ಕೆ ಜಪ ಕೊಟ್ಟರು. ನಾನು ಏಳುವಾಗ, ಇದು ದೇವರ ಪಾಲಿನದ್ದು, ನಿಮ್ಮ ಅಕ್ಕನ ಪಾಲಿನದ್ದು ನನ್ನ ಹತ್ತಿರ ಇಲ್ಲ ಎಂದರು. ಜಪ ಅಲ್ಲೇ ಮುಗಿಸಿದೆ. ಬಸ್ಸಿನಲ್ಲಿ ಬರುವಾಗ ಹಗುರವಾಗುತ್ತದೆ ಎಂದು ಕಾದೆ. ಆಗಲಿಲ್ಲ.

ಹಬ್ಬದ ದಿನ ನಾನೇ ಚರ್ಚಿನಿಂದ ತೆನೆ ತಂದೆ. ಅಕ್ಕ ಅಡುಗೆ ಮಾಡಿದ್ದಳು. ಕೆಸುವಿನ ದಂಟು, ಬೆಂಡೆ, ಸೌತೆ, ಹೆಸರುಕಾಳಿನ ಪಾಯಸ, ಎಲ್ಲ ಅಮ್ಮ ಮಾಡುತ್ತಿದ್ದ ಹಾಗೇ. ಬಾಳೆ ಎಲೆ ಹಾಕಿ, ಮೇಣದಬತ್ತಿ ಹಚ್ಚಿ, ಇಬ್ಬರೇ ಎದುರುಬದುರು ಕೂತೆವು. ಈಗ ಮನೆಗೆ ಹಿರಿಯಳು ಅವಳು. ತೆನೆಯನ್ನು ಅವಳ ಮುಂದೆ ಇಟ್ಟೆ. ಅವಳು ಕಾಳು ಬಿಡಿಸಿ, ಉಗುರಲ್ಲಿ ಸುಲಿದು, ಕಾಯಿಹಾಲಿನ ಬಟ್ಟಲಿಗೆ ಹಾಕಿ, ಬಟ್ಟಲನ್ನು ನನ್ನ ಕಡೆ ತಳ್ಳಿದಳು.

ಮೊದಲು ನೀನು ಕುಡಿಯಬೇಕು ಎಂದೆ.

"ನೀ ಕುಡಿ. ಅಮ್ಮ ಮನಸ್ಸಿಂದ ಕೊಡ್ದೇ ಇದ್ದದ್ದನ್ನ ನಾ ಇನ್ನು ಈ ಮನೇಲಿ ತಗೊಳಲ್ಲ."

ಅದನ್ನು ಸಿಟ್ಟಿನಲ್ಲಿ ಹೇಳಿದ್ದರೆ ನಾನು ಇನ್ನೂ ಒಂದು ವರ್ಷ ಸುಮ್ಮನಿರುತ್ತಿದ್ದೆನೇನೋ. ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲಿ ಹೇಳಿದಳು. ಅದನ್ನೇ ಖಾಯಂ ಮಾಡಿಕೊಂಡಿದ್ದಳು.

"ಅಮ್ಮ ಕೊಟ್ಟಿದ್ಲು ಅಕ್ಕ," ಎಂದೆ. "ನಾ ಕಳಿಸ್ಲಿಲ್ಲ."

ಎಲ್ಲವನ್ನೂ ಹೇಳಿದೆ. ಅಮ್ಮ ಎದೆಯ ಮೇಲೆ ತಟ್ಟೆ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕಾಳು ಆರಿಸಿದ್ದು, ಕೈ ಇಡದೆ ಕಳಿಸಿದ್ದಕ್ಕೆ ಅವಳು ಅಂದ ಮಾತು, ಜೇಬು, ಮೊಳಕೆ, ಚರಂಡಿ, ಮಿಲ್ಲಿನ ಅಂಗಳ. ಕೊನೆಗೆ ಅಕ್ಕ, "ಅದು ಬೇಯ್ಸಿದ ಭತ್ತವಾ?" ಎಂದು ಕೇಳಿದಳು.

"ಹೌದ್."

ಅವಳು ನಕ್ಕಳು. ಆ ನಗು ನನಗೆ ಇವತ್ತಿಗೂ ಕೇಳುತ್ತದೆ. "ದಿನಾ ನೀರು ಹಾಕ್ದೆನಲ್ಲೋ ಅದಕ್ಕೆ. ಮಕ್ಕಳ ಹತ್ರ ಹಾಡು ಹಾಡ್ಸಿದೆ ಅದರ ಮುಂದೆ." ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಬಿತ್ತಿದೀನಿ ಅಂತ ಮೊದಲ್ನೇ ವಾರ ಹೇಳಿದ್ನಲ್ಲ. ಅವತ್ತೇ ಗೊತ್ತಾಯ್ತಾ ನಿಂಗೆ?"

"ಅವತ್ತೇ."

"ಗೊತ್ತಿದ್ದೂ ಕೈಮುಗಿದ ಚಿತ್ರ ಕಳಿಸ್ತಾ ಕೂತೆ."

ನಾನು ಅಮ್ಮನ ಹಾಸಿಗೆಯ ಮಾತು ತೆಗೆದೆ. ನನ್ನ ಶಾಲೆ, ಮಿಲ್ಲು, ಜೀಪಿನ ಹಾರನ್ನು, ಅವಳ ಕೊರಳಿನ ಹಾರಗಳು. ಹೇಳಹೇಳುತ್ತಾ ನನ್ನ ದನಿ ಏರಿತು. ಇದು ತಪ್ಪೊಪ್ಪಿಗೆಯೋ ಜಗಳವೋ ಎಂದು ನನಗೇ ತಿಳಿಯದ ಹಾಗಾಯಿತು. ಅವಳು ಮುಗಿಯುವವರೆಗೂ ಕೇಳಿದಳು. ಅವಳ ಕೈ ಮಾತ್ರ ಬಾಳೆ ಎಲೆಯ ಅಂಚನ್ನು ಸಣ್ಣಗೆ ಸೀಳುತ್ತಿತ್ತು.

ಅಕ್ಕ, ನನ್ನ ಜಾಗಕ್ಕೆ ಹೋಗುವ ಸಿಸ್ಟರ್ ಕಳೆದ ವಾರವೇ ವಿಮಾನ ಹತ್ತಿದರು, ಅಲ್ಲಿ ಮಕ್ಕಳಿಗೆ ಅವರ ಹೆಸರು ಬಾಯಿಪಾಠವೂ ಆಗಿರಬಹುದು ಎಂದಳು. ಸಾಗರದಿಂದ ಬಂದ ದಿನ ನೀನು ಇದನ್ನು ಹೇಳಿದ್ದರೂ ಏನಾದರೂ ಮಾಡಬಹುದಿತ್ತು ಎಂದಳು. ಮೇಣದಬತ್ತಿ ಒಂದು ಕಡೆಗೆ ಕರಗುತ್ತಿತ್ತು, ಯಾರೂ ಸರಿ ಮಾಡಲಿಲ್ಲ. ಪಾಯಸಕ್ಕೆ ಕೆನೆ ಕಟ್ಟಿತ್ತು.

ಆಮೇಲೆ ಅವಳು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. ಹಾಲಿನಲ್ಲಿ ತೇಲುತ್ತಿದ್ದ ಕಾಳನ್ನು ಸ್ವಲ್ಪ ಹೊತ್ತು ನೋಡಿದಳು. ಕುಡಿಯಲಿಲ್ಲ.

"ಹಾಸಿಗೆ ವಿಷಯ ನೀ ಹೇಳಿದ್ದು ಸರಿ ಇದೆ. ಅದಕ್ಕೆ ನಾ ನಿನ್ನ ಹತ್ರ ಕ್ಷಮೆ ಕೇಳ್ಬೇಕು, ಕೇಳ್ತೀನಿ. ಇವತ್ತಲ್ಲ," ಎಂದಳು. "ನೀ ಏನೇನಾಯ್ತು ಅಂತ ಹೇಳ್ದೆ. ಯಾಕಾಯ್ತು ಅಂತಾನೂ ಹೇಳ್ದೆ. ಇನ್ನೇನೂ ಇಲ್ವಾ?"

ಮೊಣಕಾಲೂರುವುದು ಹಿರಿಯರ ಮುಂದೆ ಮಾತ್ರ. ನಾನು ಎಲೆಯ ಮುಂದಿನಿಂದ ಎದ್ದು, ಅವಳ ಪಕ್ಕಕ್ಕೆ ಹೋಗಿ, ಅವಳು ಅಮ್ಮನ ಮಂಚದ ಹತ್ತಿರ ಊರಿದ್ದ ಹಾಗೇ ಮೊಣಕಾಲೂರಿದೆ. ಅವಳು ಕೈ ಎತ್ತುತ್ತಾಳೋ ಇಲ್ಲವೋ ಎಂದು ನೋಡಲು ತಲೆ ಎತ್ತಲಿಲ್ಲ.

"ತಪ್ಪಾಯ್ತು ಅಕ್ಕ," ಎಂದೆ. "ಅಮ್ಮ ನಿಂಗೆ ಅಂತ ಕೊಟ್ಟಿದ್ದನ್ನ ನಿಂಗೆ ಮುಟ್ಸಲಿಲ್ಲ. ನೀ ಅಲ್ಲಿ ಒಬ್ಳೇ ಒಣಗ್ತಾ ಇದ್ದಿದ್ದು ಗೊತ್ತಿದ್ದೂ ನೋಡ್ತಾ ಕೂತೆ, ಖುಷೀನೂ ಪಟ್ಟೆ. ನನ್ನ ಕ್ಷಮಿಸು."